ಒಂದು ಹಿಡಿ

ಮಂಡ್ಯದ ನೂರಡಿ ರಸ್ತೆಯ ಛತ್ರದ ಹಿಂದೆ
ಎಂಜಲೆಲೆ ಬೀಳುವ ಮೂಲೆಯಲ್ಲಿ ಅವಳ ಠಾವು.
ಬಾಲ ಒಂದೂವರೆ ಸುತ್ತು ಸುರುಳಿ,
ಮೊಮ್ಮಗಳು ಇಟ್ಟ ಹೆಸರು ಚಕ್ಕುಲಿ.
ನಾನು ಕೊಪ್ಪರಿಗೆ ತಿಕ್ಕುವಾಗ
ಎದುರಿಗೆ ಕೂತು ನನ್ನ ಮೊಣಕೈಯನ್ನೇ ನೋಡುವಳು.
ಅದು ನಿಂತರೆ ಊಟ, ಅಂತ ಅವಳ ಲೆಕ್ಕ.

ಏನೆಲ್ಲ ಹಾಕಿಲ್ಲ ನಾನು ಆ ಬಾಯಿಗೆ!
ಬೀಗರೂಟದ ಬೆಂದ ಮೂಳೆ,
ಗೊಜ್ಜಿನ ತಳ ಹಿಡಿದ ಈರುಳ್ಳಿ,
ಒಬ್ಬಟ್ಟಿನ ಸೀದ ಅಂಚು.
ಬಡವರ ನಾಯಿಗೆ ಕಲ್ಲೂ ಅರಗುತ್ತೆ
ಅನ್ನುತ್ತಿದ್ದಳು ನಮ್ಮತ್ತೆ. ನಂಬಿದ್ದೆ.
ನನಗೂ ಅರಗಿತ್ತಲ್ಲ, ಇಷ್ಟು ವರ್ಷ.

ಆ ಸೋಮವಾರ ಅವಳು ಎಲೆಗಳ ಕಡೆ ತಿರುಗಲಿಲ್ಲ.
ನೊರೆನೊರೆ ಕಕ್ಕಿ
ನಲ್ಲಿಯಡಿಯ ತಂಪಿಗೆ ಹೊಟ್ಟೆ ಹಚ್ಚಿ ಮಲಗಿದ್ದಳು.
ಅಡುಗೆ ಕಂಟ್ರಾಕ್ಟರು ಮಾಯಿಗಣ್ಣ,
ಏಲಕ್ಕಿಯನ್ನೂ ಎಣಿಸಿ ಕೊಡುವ ಮನುಷ್ಯ,
ಯಾರೂ ಕೇಳದೆ ಲಗೇಜ್ ಆಟೋ ಸ್ಟಾರ್ಟ್ ಮಾಡಿದ.
ಗೋಣಿಯಲ್ಲಿ ಸುತ್ತಿ ಮಡಿಲಿಗಿಟ್ಟುಕೊಂಡೆ.
ಸಕ್ಕರೆ ಕಾರ್ಖಾನೆ ಕಡೆಯಿಂದ ಕಾಕಂಬಿಯ ವಾಸನೆ.
ಆ ಮೂಗು ಅದಕ್ಕೂ ಅಲ್ಲಾಡಲಿಲ್ಲ.

ಪಶು ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು
ಮಾಲೀಕರ ಹೆಸರು? ಅಂದ.
ಮಂಚಮ್ಮ, ಅಂದೆ.
ಅಷ್ಟು ದೊಡ್ಡ ಪದದ ಮುಂದೆ
ನನ್ನ ಹೆಸರು ಕೂತದ್ದು ಅದೇ ಮೊದಲು.

ಡಾಕ್ಟರಮ್ಮ ವಸಡು ಒತ್ತಿ ನೋಡಿದರು.
ಏನು ತಿಂದಿದೆ?
ಅನ್ನ.
ಚಾಕೊಲೇಟು?
ನಮ್ಮಲ್ಲಿ ಎಲ್ಲಿಂದ ಬರಬೇಕವ್ವ.
ಇಲಿ ಪಾಷಾಣ?
ಇಲ್ಲ.
ದ್ರಾಕ್ಷಿ? ಒಣದ್ರಾಕ್ಷಿ?

ನನ್ನ ಸೆರಗು ನನಗೇ ಭಾರವಾಯಿತು.

ಭಾನುವಾರದ ಧಾರೆಗೆ ಶಾವಿಗೆ ಪಾಯಸ.
ಗೋಡಂಬಿ ಮುಟ್ಟಲಿಲ್ಲ ನಾನು, ದೇವರಾಣೆ.
ದ್ರಾಕ್ಷಿ ಮಾತ್ರ, ತುಪ್ಪಕ್ಕೆ ಬೀಳುವ ಮುಂಚೆ,
ಒಂದಿಷ್ಟು ಸೆರಗಿನ ತುದಿಗೆ ಗಂಟಾಯಿತು.
ಗೋಡೆಯಾಚೆಯೇ ಮನೆ, ಮಗು ಕಾಯುತ್ತಿತ್ತು.
ರಾತ್ರಿ ಬಾಯಿ ಚಪ್ಪರಿಸುತ್ತ ಹೇಳಿತು:
ಅಜ್ಜಿ, ಅರ್ಧ ನಂಗೆ, ಅರ್ಧ ಚಕ್ಕುಲಿಗೆ.
ಎಂಥಾ ಕರುಳಿನ ಕೂಸು ಅಂತ
ತಲೆ ನೇವರಿಸಿ ಮಲಗಿದ್ದೆ.

ಬೆನ್ನ ಹಿಂದೆ, ಬಾಗಿಲಿಗೊರಗಿ, ಮಾಯಿಗಣ್ಣ.

ತಿಂದೈತೆ, ಅಂದೆ. ಒಣದ್ರಾಕ್ಷಿ. ಮಗು ಹಾಕ್ತು.
ಎಷ್ಟು?
ಒಂದು ಹಿಡಿ.
ನಿಮ್ಮ ಹಿಡಿಯೋ, ಮಗುವಿನ ಹಿಡಿಯೋ?

ಅವರು ಕೇಳಿದ್ದು ಔಷಧಿಯ ಲೆಕ್ಕಕ್ಕೆ.
ನಾನು ಕೈ ಚಾಚಿ ಬೆರಳು ಮಡಚಿದೆ,
ಸೋಪಿನ ಪುಡಿ ತಿಂದ ಉಗುರು,
ಕೊಪ್ಪರಿಗೆ ಅಂಚಿನ ಹಳೆಯ ಗಾಯ.
ಕದ್ದಿದ್ದು ಇಷ್ಟವ್ವ. ಅದಕ್ಕೆ ಹೋಗಿದ್ದು ಇದರಲ್ಲಿ ಅರ್ಧ.

ಗೋಡೆಯ ಮೇಲೆ ಕಾಲುಬಾಯಿ ಜ್ವರದ ಪಟ.
ಮಾಯಿಗಣ್ಣ ಅದನ್ನು
ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದ.

ನಮಗದು ಸಿಹಿ, ಅಂದರು ಡಾಕ್ಟರಮ್ಮ ಸೂಜಿ ಹುಡುಕುತ್ತ,
ಇವುಕ್ಕೆ ಮೂತ್ರಪಿಂಡವೇ ನಿಂತುಹೋಗಬಹುದು.
ಯಾವ ನಾಯಿಗೆ ಎಷ್ಟು ಅಂತ ಹೇಳೋಕಾಗಲ್ಲ.
ಉಚ್ಚೆ ಹೊಯ್ಯುತ್ತಾ ನೋಡ್ತಿರಿ.

ಮೂರು ದಿನ ಬಾಟಲಿ. ಮೂರು ದಿನ
ದೇವರ ಹತ್ತಿರ ನಾನು ಬೇರೇನೂ ಕೇಳಲಿಲ್ಲ,
ಆ ನಾಚಿಕೆಗೇಡಿನ ಒಂದೇ ವರ.

ಬುಧವಾರ ಮಧ್ಯಾಹ್ನ ಕಾಲು ನಡುಗಿಸುತ್ತ ಎದ್ದಳು.
ಬಾಟಲಿ ಕಂಬದ ಬುಡದಲ್ಲಿ ಕುಕ್ಕರಿಸಿದಳು.
ಮೊದಲು ಹನಿ. ಆಮೇಲೆ
ನಾಲೆಗೆ ನೀರು ಬಿಟ್ಟ ಹಾಗೆ.
ನೆಲದ ಇಳಿಜಾರು ಹಿಡಿದು ಹರಿದು
ಮಾಯಿಗಣ್ಣನ ಚಪ್ಪಲಿ ಮುಟ್ಟಿತು.
ಅವನು ಕಾಲು ತೆಗೆಯಲಿಲ್ಲ.

ದ್ರಾಕ್ಷಿಯ ಮಾತು ಇವತ್ತಿನವರೆಗೂ ಎತ್ತಿಲ್ಲ ಅವನು.
ಡಬ್ಬಿಯ ಜಾಗವನ್ನೂ ಬದಲಾಯಿಸಿಲ್ಲ.
ಚಕ್ಕುಲಿಗೀಗ ಸಪ್ಪೆ ಮುದ್ದೆ, ಒಂದಿಷ್ಟು ಅನ್ನ;
ಮಿಕ್ಕಿದ್ದನ್ನು ಗುಂಡಿ ತೋಡಿ ಮುಚ್ಚುತ್ತೇನೆ.

ಮಗುವಿಗೆ ಹೇಳುವುದೇ ಕಷ್ಟ.
ಬಾಯಿ ಹತ್ತಿರ ತಂದದ್ದನ್ನು ನಿಲ್ಲಿಸಿ
ಇದು ಕೊಡಬಹುದಾ? ಅಂತ ಪ್ರತಿ ಸಲ ಕೇಳುತ್ತೆ,
ಬಿಸ್ಕತ್ತು ಹಿಡಿದು, ಬಾಳೆಹಣ್ಣು ಹಿಡಿದು,
ಕಳ್ಳನ ಥರ ಅತ್ತಿತ್ತ ನೋಡಿ.
ಹಂಚಿಕೊಂಡು ತಿನ್ನವ್ವ ಅಂತ
ಕಲಿಸಿದವಳು ನಾನೇ.